ಹಾಳೆ ತಿರುವುವವಳು

ಪಿಯಾನೊದ ಎಡಕ್ಕೆ, ಅರ್ಧ ಅಡಿ ಹಿಂದೆ,
ಕಪ್ಪು ಬಟ್ಟೆ ತೊಟ್ಟು ಕೂರುವವಳು ನಾನು.
ನುಡಿಸುವವಳಲ್ಲ, ಹಾಳೆ ತಿರುವುವವಳು.
ಬಳೆ ಕೂಡದು, ಸೆಂಟು ಕೂಡದು,
ಕೆಮ್ಮು ಬಂದರೆ ನುಂಗಬೇಕು.
ಹೂಗುಚ್ಛ ಕೊಡುವವರು ನನ್ನನ್ನು ದಾಟಿ ಕೈ ಚಾಚುತ್ತಾರೆ.
ಬೇಸರವೇನಿಲ್ಲ. ರಾತ್ರಿಗೆ ಎಂಟುನೂರು ರೂಪಾಯಿ,
ಚರ್ಚ್‌ಗೇಟಿನಲ್ಲಿ ಕೊನೆಯ ಗಾಡಿ ಸಿಕ್ಕರೆ ಲಾಭ.

ಮೆಲ್ರಿಡಾ ಲಸ್ರಾದೊ ಬರೆದದ್ದು ಕೈಗೆ ಬಂದದ್ದು ಮಾರ್ಚಿನಲ್ಲಿ:
ಪೆನ್ಸಿಲ್ಲಿನ ಇಪ್ಪತ್ತೆರಡು ಹಾಳೆ,
ಅಂಚಿನಲ್ಲಿ ಚಹಾ ಲೋಟದ ಉಂಗುರ.
ಕಲೀನಾದ ಹುಡುಗಿ, ಇಪ್ಪತ್ತಾರು ವರ್ಷ.
ಅಪ್ಪ ಲಿಫ್ಟ್ ರಿಪೇರಿಯವರು.

ಶಾಲೆಗೆ ರಜೆಯಿದ್ದರೆ ಅಪ್ಪನ ಪಾನಾ ಹಿಡಿದು ನಿಂತಿದ್ದಾಳಂತೆ
ಬೈಕುಲ್ಲಾದ, ಗ್ರಾಂಟ್ ರೋಡಿನ ಹಳೇ ಕಟ್ಟಡಗಳ ಕತ್ತಲೆ ಬಾವಿಯ ಬಾಯಲ್ಲಿ.
ಉಕ್ಕಿನ ಹಗ್ಗ ಬಿಗಿದು ಗುಂಯ್ ಎನ್ನುವುದು,
ಕೆಳಗೆ ಯಾರೋ ಜಾಲರಿ ಮುಚ್ಚದೆ ಹೋಗಿ
ಮೂರನೇ ಮಹಡಿಯ ಮುದುಕಿ
"ದರ್ವಾಜಾ!" ಎಂದು ಕೂಗುವುದು,
ಆ ಕೂಗು ಬಾವಿಯೊಳಗೆ ಏರುತ್ತ ಸಣ್ಣಗಾಗುವುದು.
"ಅದೇ ನನ್ನ ಮೊದಲ ಮೇಷ್ಟ್ರು," ಎಂದಳು.
"ಎರಡನೆಯವರು ಸಿಸ್ಟರ್ ಬೆನೆಡಿಕ್ಟಾ. ಬೆರಳ ಗೆಣ್ಣಿಗೆ ಅಡಿಕೋಲು."

ಹೊಟ್ಟೆಪಾಡಿಗೆ ಬಿಸ್ಕತ್ತಿನ ಜಾಹೀರಾತು, ಹನ್ನೊಂದು ಸೆಕೆಂಡು.
ಬ್ಯಾಂಕಿಗೆ ಫೋನು ಮಾಡಿ ಕಾಯುವಾಗ ಕಿವಿಗೆ ಬೀಳುವ ಟಿಣಿಟಿಣಿಯೂ ಅವಳದೇ.
"ದಿನಕ್ಕೆ ಲಕ್ಷ ಜನ ಕೇಳ್ತಾರೆ ಅಕ್ಕಾ,
ಒಬ್ಬರೂ ಬಿಡದೆ ಶಾಪ ಹಾಕ್ತಾ."

ಪರದೇಶದಲ್ಲಿ ಓದಿದ ಎರಡು ವರ್ಷ
ಅಲ್ಲಿಯವರು ಕೇಳಿದರಂತೆ, ಇದರಲ್ಲಿ ತಂಬೂರಿ ಎಲ್ಲಿ?
ಇಲ್ಲಿಯವರು ಕೇಳುತ್ತಾರೆ, ನಮಗ್ಯಾಕೆ ಪಿಯಾನೊ?
ಇಬ್ಬರಿಗೂ ಅವಳದು ಒಂದೇ ಮರುಪ್ರಶ್ನೆ:
ಲಿಫ್ಟು ಯಾವ ದೇಶದ್ದು?

ತಾಲೀಮಿನಲ್ಲಿ ನೋಡಿದೆ, ಎರಡು ಸಾಲುಗಳ ಕೆಳಗೆ ಮೂರನೆಯದೊಂದು,
ಹೆಚ್ಚುಪಾಲು ಖಾಲಿ, ಅಲ್ಲಲ್ಲಿ ಒಂದು ಕತ್ತರಿ ಗುರುತು.
"ಇದು ಯಾರದು?"
"ನಿಮ್ಮದು," ಎಂದಳು.
"ಹಾಳೆಯ ಸದ್ದು. ಇಲ್ಲಿ ಮೆತ್ತಗೆ, ಇಲ್ಲಿ ಹರಿದೇ ಹೋಯಿತೇನೋ ಅನ್ನುವಂತೆ.
ಹದಿನೇಳರಲ್ಲಿ ಎದ್ದು, ಮೂಲೆ ಹಿಡಿದು,
ತಿರುವದೆ ಕೂತುಬಿಡಿ."

ಸದ್ದು ಮಾಡದಿರಲು ಕಲಿತದ್ದು ಒಂಬತ್ತು ವರ್ಷ.
ಮಾಡು ಎಂದರೆ ಕೈ ಒಲ್ಲದು.
ಜೋಗೇಶ್ವರಿಯ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಅಭ್ಯಾಸ.
ಗಂಡ ಇಣುಕಿ ಅಂದ:
"ಡಿಸೆಂಬರಿಗೆ ಎಷ್ಟು ಸಲ ಹೋಗಿ ಬಂದೆ?"

ಆ ರಾತ್ರಿ ಬಂದವರು ನಲವತ್ತಮೂರು, ಕಾವಲುಗಾರನೂ ಸೇರಿ.
ಗುರುಗುಡುತ್ತದೆಂದು ಏಸಿ ಆರಿಸಿದ್ದರು, ಬೆನ್ನಲ್ಲಿ ಬೆವರು.
ಮೂರನೇ ಸಾಲಿನಲ್ಲಿ ಅವಳಪ್ಪ,
ಇಸ್ತ್ರಿಯ ಅಂಗಿ, ಉಗುರ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು.

ಹದಿನೇಳು.
ಎದ್ದೆ. ಮೂಲೆ ಹಿಡಿದೆ.
ನುಡಿಸುವವನ ಕೈಗಳೂ ಗಾಳಿಯಲ್ಲಿ.
ಕೆಳಗೂ ಇಲ್ಲ, ಮೇಲೂ ಇಲ್ಲ,
ನಾವೆಲ್ಲ ಎರಡು ಮಹಡಿಗಳ ನಡುವೆ ನಿಂತ ಪೆಟ್ಟಿಗೆಯಲ್ಲಿ.
ಯಾರೋ ಕುರ್ಚಿ ಕಿರುಗುಟ್ಟಿಸಿದರು,
ಕಣ್ಣಂಚಿನಲ್ಲಿ ಕಂಡೆ,
ಅವಳಪ್ಪ ಅರ್ಧ ಎದ್ದಿದ್ದಾರೆ,
ಬಲಗೈ ತಂತಾನೇ ಹೋಗಿ ಪಾನಾ ಇಲ್ಲದ ಜೇಬು ತಡಕುತ್ತಿದೆ.

ಕೂತೆ. ಅವರೂ ಕೂತರು.

ಆಮೇಲಿನ ಚಪ್ಪಾಳೆ ಹೇಳುವಂಥದ್ದೇನಲ್ಲ.
ಕಾರ್ಯಕ್ರಮದ ಕಾಗದದಲ್ಲಿ ಮೊದಲ ಸಲ ನನ್ನ ಹೆಸರು:
ಹಾಳೆ — ಯಶವಂತಿ ಶೃಂಗಾರ್.
ನಾನು ಶೇರಿಗಾರ್. ಇರಲಿ.
ಹಣ ಇನ್ನೂ ಬಂದಿಲ್ಲ, ಅವಳಿಗೂ ಬಂದಿಲ್ಲವಂತೆ.

ಕೊನೆಯ ಗಾಡಿ, ಹೆಂಗಸರ ಡಬ್ಬಿ.
ಎದುರಿಗೆ ಕೂತ ಮೀನಿನವಳು ಬುಟ್ಟಿ ಖಾಲಿ ಮಾಡಿ
ಮಡಿಲಲ್ಲಿ ಸಾಲದ ಪುಸ್ತಕ ಬಿಚ್ಚಿದಳು.
ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದಳು.

ಅರ್ಧ ಮಾತ್ರೆ ಬೇಗ ಆಯಿತು.
ಆದರೆ ನಾದ ಚೆನ್ನಾಗಿತ್ತು.