ಹಳದಿ ಪೆನ್ಸಿಲ್

ಒಹಾಯೋದ ಈ ಟೌನ್‌ಶಿಪ್ಪಿಗೆ ನಾನು ಅರ್ಧ ಸಂಬಳದ ಗುಮಾಸ್ತೆ.
ಬೆಳಗ್ಗೆ ಸ್ಕೂಲ್ ಬಸ್ಸು ಓಡಿಸುತ್ತೇನೆ,
ತಿಂಗಳ ಎರಡನೆಯ ಮಂಗಳವಾರ ಸಂಜೆ
ಫೈರ್ ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಕೂತು
ಯಾರು ಏನೆಂದರೋ ಬರೆದುಕೊಳ್ಳುತ್ತೇನೆ.
ನಕಾಶೆಗೆ ಬಣ್ಣ ಹಚ್ಚುವವಳೂ ನಾನೇ:
ಹಳದಿಯೆಂದರೆ ವಾಸ, ಹಸಿರೆಂದರೆ ಬೇಸಾಯ.
ಹಳದಿ ಪೆನ್ಸಿಲ್ ಬೇಗ ಸವೆಯುತ್ತದೆ.
ಹಸಿರಿನದು ಕೊಂಡಾಗ ಎಷ್ಟುದ್ದವಿತ್ತೋ ಅಷ್ಟೇ ಇದೆ.

ಏಪ್ರಿಲ್. ಅರ್ಜಿ ಸಂಖ್ಯೆ ಹದಿನಾಲ್ಕು.
ವರ್ಲಾ ಹಾಸ್ಟೆಟ್ಲರ್, ನಲವತ್ತೆರಡು ಎಕರೆ.
ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಉತ್ತರಕ್ಕೆ ಕೌಂಟಿ ರಸ್ತೆ,
ದಕ್ಷಿಣಕ್ಕೆ ಅವಳಣ್ಣ ಎಂದೋ ಮಾರಿ ಕೈತೊಳೆದುಕೊಂಡ ನೆಲ,
ಪಶ್ಚಿಮಕ್ಕೆ ಮೆಡೋ ವ್ಯೂ ಬಡಾವಣೆ –
ಹದಿನೇಳು ಮನೆ, ಹದಿನೇಳು ಮರದ ಜಗಲಿ,
ಎಲ್ಲವೂ ಅವಳ ಗೋಧಿಗೆ ಮುಖ ಮಾಡಿ ಕೂತಿವೆ,
ಎಲೆ ಹಾಕಿಸಿಕೊಂಡು ಬಡಿಸುವವರನ್ನು ಕಾಯುವ ಪಂಕ್ತಿಯ ಹಾಗೆ.

ಅವಳು ಕೇಳಿದ್ದು ಇಷ್ಟೇ: ನನ್ನ ಹಸಿರನ್ನು ಹಳದಿ ಮಾಡಿ.
ಮಂಡಿ ಸವೆದಿದೆ. ಬಿಲ್ಡರ್ ಬೆಲೆ ಹೇಳಿದ್ದಾನೆ.

ತಲೆಗೆ ಮೂರು ನಿಮಿಷ.
ಅಧ್ಯಕ್ಷ ಲೈಲ್ ಬೆಂಡರ್ ಮನೆಯಿಂದ ತಂದ
ಮೊಟ್ಟೆ ಬೇಯಿಸುವ ಪುಟ್ಟ ಗಡಿಯಾರ ಮೇಜಿನ ಮೇಲೆ.
ಥಡಿಯಸ್ ಕ್ರಾಲ್ ಎದ್ದ. ಹಲ್ಲಿನ ಡಾಕ್ಟರು, ಈಗ ನಿವೃತ್ತ.
ಕೈಯಲ್ಲಿ ಫೋಟೋ: ಅವಳ ಹೊಲ, ಮಂಜು, ನಾಲ್ಕು ಜಿಂಕೆ.
'ಇದು ನಮ್ಮೆಲ್ಲರ ಉಸಿರು' ಎಂದ.
ದನಿ ನಡುಗಿತು. ನಟನೆಯಲ್ಲ, ನಿಜಕ್ಕೂ ನಡುಗಿತು.
ಬರೆದುಕೊಂಡೆ.

ಮೂರು ವರ್ಷದ ಹಿಂದಿನ ನಡಾವಳಿಯೂ ನನ್ನದೇ ಕೈಬರಹ.
ಅದೇ ಕ್ರಾಲ್. ಗೊಬ್ಬರದ ನಾತ. ಬೆಳಗಿನ ಐದಕ್ಕೆ ಟ್ರಾಕ್ಟರ್.
ಮೊಮ್ಮಗಳ ಹುಟ್ಟುಹಬ್ಬದ ಕೇಕಿನ ಮೇಲೆ ನೊಣ –
ಹನ್ನೊಂದು, ಎಣಿಸಿದ್ದಾನೆ.
ಅವತ್ತು ಅವಳು ತುಟಿ ಪಿಟಕ್ಕೆನ್ನಲಿಲ್ಲ.
ತಿಪ್ಪೆಗುಂಡಿಗೆ ಮುಚ್ಚಳ ಮಾಡಿಸಿ
ಅದರ ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಳು.

ಈಗ ಎದ್ದಳು.
'ನೀವು ಕೊಂಡದ್ದು ಮನೆ.
ಕಿಟಕಿಯಾಚೆಯದನ್ನು ನಾನು ಮಾರಿರಲಿಲ್ಲ.
ಬೇಕೇ? ಹೇಳಿ. ಬಿಲ್ಡರನ ಬೆಲೆಯೇ ನಿಮಗೂ.'
ಕೂತಳು.
ಇನ್ನೂ ಎರಡೂವರೆ ನಿಮಿಷ ಉಳಿದಿತ್ತು,
ಲೈಲ್ ಗಡಿಯಾರ ನಿಲ್ಲಿಸಲು ಮರೆತ.
ಅಷ್ಟು ಹೊತ್ತೂ ಟಿಕ್ ಟಿಕ್ ಕೇಳುತ್ತ ಕೂತೆವು.
ಗಂಟೆ ಬಾರಿಸಿದಾಗ ಹಿಂದೆ ಯಾರೋ ನಕ್ಕರು.

ಮೌನಕ್ಕೆ ನಡಾವಳಿಯಲ್ಲಿ ಕಾಲಂ ಇಲ್ಲ.
ಬರೆದೆ: ಜುಲೈಗೆ ಮುಂದೂಡಲಾಯಿತು.

ಹೊರಗೆ ಮಳೆ ಆಗಷ್ಟೇ ನಿಂತಿತ್ತು.
ಕ್ರಾಲನ ಕಾರಿನ ಹಿಂಗಾಲಿ ಕೆಸರಲ್ಲಿ ಹೂತು ಗರಗರ ತಿರುಗುತ್ತಿತ್ತು.
ಅವಳು ಪಿಕಪ್ಪಿನಿಂದ ಸರಪಣಿ ತೆಗೆದು, ಬಗ್ಗಿ, ಸಿಕ್ಕಿಸಿ, ಎಳೆದಳು.
ಮಾತಿಲ್ಲ. ಕೆಸರು ಅವನ ಬಿಳಿ ಶರಟಿಗೆ ಚಿಮ್ಮಿತು.
ಕ್ಷಮಿಸಿ ಎಂದು ಅವಳೂ ಅನ್ನಲಿಲ್ಲ,
ಥ್ಯಾಂಕ್ಸ್ ಎಂದು ಅವನೂ.

ನನ್ನ ಮನೆ ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ.
ಹಳದಿ.
ಹಿಂದೆ ಅಲ್ಲಿ ಯಾರದೋ ಜೋಳವಿತ್ತಂತೆ.
ಟೊಮೇಟೊ ನೆಡಲು ಅಗೆದಾಗ ಕುದುರೆ ಲಾಳ ಸಿಕ್ಕಿತು,
ಅದೃಷ್ಟಕ್ಕೆಂದು ಬಾಗಿಲ ಮೇಲೆ ಮೊಳೆ ಹೊಡೆದಿದ್ದೇನೆ.
ಯಾರ ಪಾಲಿನ ಅದೃಷ್ಟವೋ.

ಜುಲೈ ಮೊದಲ ವಾರ. ಮಕ್ಕಳಿಗೆ ರಜೆ.
ಖಾಲಿ ಬಸ್ಸನ್ನು ರಿಪೇರಿಗೆ ಒಯ್ಯುತ್ತ
ಕೌಂಟಿ ರಸ್ತೆಯ ಅಂಚಿಗೆ ನಿಲ್ಲಿಸಿದೆ.
ನಲವತ್ತೆರಡು ಎಕರೆಯೂ ಹಳದಿ.
ಮಂಡಿಸಿದವರಿಲ್ಲ, ಅನುಮೋದಿಸಿದವರಿಲ್ಲ,
ಹಳ್ಳದ ದಂಡೆಯವರೆಗೂ, ಒಂದು ಗೀಟೂ ಬಿಡದೆ.
ನನ್ನ ನಕಾಶೆಯಲ್ಲಿ ಮಾತ್ರ ಇನ್ನೂ ಹಸಿರು.

ಅವಳು ಕಂಬೈನ್ ಏರಿ ಮೊದಲ ಸಾಲು ಹಿಡಿದಿದ್ದಳು.
ಜಗಲಿಯಲ್ಲಿ ಕಾಫಿ ಹಿಡಿದು ನಿಂತಿದ್ದ ಕ್ರಾಲ್
ಕೈ ಎತ್ತಿದ – ಅವಳಿಗೋ, ನನಗೋ,
ಇಲ್ಲಾ ಬಿಸಿಲಿಗೆ ಕಣ್ಣು ಮರೆಮಾಡಿಕೊಂಡನೋ.
ಗಾಳಿ ಪೂರ್ವದಿಂದಿತ್ತು.
ಹೊಟ್ಟು, ಧೂಳು, ಎಲ್ಲ ಅವನತ್ತಲೇ ಹೋಗುತ್ತಿತ್ತು.
ಅವನು ಒಳಗೆ ಹೋಗಲಿಲ್ಲ,
ಲೋಟದ ಬಾಯಿಗೆ ಅಂಗೈ ಮುಚ್ಚಿಕೊಂಡ.