ನಾಲ್ಕನೆಯ ರೆಕ್ಕೆ

ಕುಮಾಮೊಟೊ. ಮಾಜಾಂಗ್ ಅಡ್ಡೆ. ಬೆಳಗಿನ ಒಂಬತ್ತು.
ಏಣಿ ಹತ್ತಿ ಛಾವಣಿ ಏಸಿಯ ಬಾಯಿ ಬಿಚ್ಚಿದೆ.
ಜಾಳಿಗೆಯ ತುಂಬ ಹದಿನಾಲ್ಕು ತಿಂಗಳ ಸಿಗರೇಟು,
ಜೇನಿನ ಬಣ್ಣಕ್ಕೆ ತಿರುಗಿದ ಧೂಳು.
ತೊಳೆದೆ; ಬಕೆಟ್ಟಿನಲ್ಲಿ ಕಡು ಚಹಾ.
ನೀರಿಳಿಯುವ ಕೊಳವೆ ಊದಿದೆ, ಲೋಳೆ ಹೊರಬಿತ್ತು.

ನಾಲ್ಕು ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಟೇಪು,
ಪದರದ ಮೇಲೆ ಪದರ.
‘ಕೀಳಲೇ?’ ಎಂದೆ.
ಒಡತಿ ಸೆತ್ಸುಕೊ ಆಟದ ಬಿಲ್ಲೆ ಒರೆಸುತ್ತಲೇ:
‘ಅದರ ಕೆಳಗೆ ತೊಕುನಾಗಾ ಕೂರುತ್ತಿದ್ದರು.
ಎಡಭುಜಕ್ಕೆ ಥಂಡಿ ಆಗುತ್ತಿರಲಿಲ್ಲ.’
‘ಈಗ?’
‘ಹೋದ ಚಳಿಗಾಲ ಹೋದರು.
ಎರಡು ಸಾವಿರ ಯೆನ್ ಬಾಕಿ ಇಟ್ಟು.’

ಎಲ್ಲ ಜೋಡಿಸಿ ರಿಮೋಟು ಒತ್ತಿದೆ: ಇಪ್ಪತ್ತಾರು.
ಮೂರು ರೆಕ್ಕೆ ಮೆಲ್ಲಗೆ ತೆರೆದವು.
ನಾಲ್ಕನೆಯದು ಒಳಗೊಳಗೇ ಟಕ್ ಟಕ್ ಅಂದು
ಸುಮ್ಮನಾಯಿತು.

ರಸೀದಿಯಲ್ಲಿ ಬರೆದೆ:
ಶುಚಿ ಮಾಡಿದ್ದು. ಹೊಸ ಟೇಪು, ಒಂದು ಸುರುಳಿ.