ಎರಡು ಬೆರಳು ಸಂದು

ಮೂವತ್ತೇಳು ತಟ್ಟೆ ಒಡೆದಿವೆಯೆಂದು
ಗ್ದಾನ್ಸ್ಕಿನ ಅಂಗಡಿಯಾಕೆ ಫೋಟೋ ಕಳಿಸಿದ್ದಳು.
ಬಯ್ಗುಳವಿಲ್ಲ. ಬಿಳಿ ಬಟ್ಟೆಯ ಮೇಲೆ
ಚೂರಿಗೆ ಚೂರು ತಾಕಿಸಿ
ದುಂಡಗೆ ಜೋಡಿಸಿಟ್ಟಿದ್ದಳು, ಅಷ್ಟೆ.
ನಾನು ಬರೆದ ನೀಲಿ ಮೀನು
ಬಾಲದ ಹತ್ತಿರ ತುಂಡಾಗಿತ್ತು.

ಆವಿಗೆ ಆರಿದ ಮೇಲೆ ಕುಂಬಾರಗುಡ್ಡ ಇಳಿದು
ಬಂದರಿಗೆ ಹೋದೆ. ಸಾಫಿಯಲ್ಲಿ ಪೆಟ್ಟಿಗೆಗೇನು ಬರ?
ಬೂತಾಯಿ ಮೀನು ಹೊತ್ತು ಖಾಲಿಯಾದವು
ಆಳೆತ್ತರ ಪೇರಿಸಿ ನಿಂತಿದ್ದವು,
ಹತ್ತು ದಿರ್ಹಮಿಗೆ ನಾಲ್ಕು.
ತಂದೆ, ತೊಳೆದೆ, ನಿಂಬೆ ಹಚ್ಚಿ ತಿಕ್ಕಿದೆ,
ತಾರಸಿಯಲ್ಲಿ ಒಣಹಾಕಿದೆ.
ಮೂರು ದಿನ ಓಣಿಯ ಬೆಕ್ಕುಗಳೆಲ್ಲ
ನಮ್ಮ ಮನೆಯವೇ ಆದವು.
ಅತ್ತೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಅಂದರು:
"ಘಾಲಿಯಾ, ಬಡಿಸುವ ಮೊದಲೇ
ಊಟ ಮುಗಿಸಿದಂತಾಗುತ್ತದೆ ಆ ದೇಶದವರಿಗೆ."

ರಟ್ಟಿನದು ನೋಡಿದೆ. ಎರಡು ಪದರ, ಹಗುರ, ಅಗ್ಗ.
ಮಾರುವವನು ತಾನೇ ಅದರ ಮೇಲೆ ಹತ್ತಿ ನಿಂತು ತೋರಿಸಿದ.
ಸರಿಯಪ್ಪ. ಕಡಲ ಮೇಲೆ ಹನ್ನೊಂದು ದಿನ
ತೇವ ಕುಡಿದು ಮೆತ್ತಗಾದಾಗಲೂ
ನೀನು ಹತ್ತಿ ನಿಲ್ಲುತ್ತೀಯಾ?

ಕೊನೆಗೆ ಬೂಷೈಬ್. ದೋಣಿ ಕಟ್ಟಿ ಪಳಗಿದ ಕೈ.
ಬೆಲೆ ಕೇಳಿದರೆ ಬೆಲೆ ಹೇಳಲಿಲ್ಲ,
"ಒಂದು ತಟ್ಟೆ ತಾ" ಎಂದ.
ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದ.
"ಮಲಗಿಸಿದ್ದೆಯೋ, ನಿಲ್ಲಿಸಿದ್ದೆಯೋ?"
ಮಲಗಿಸಿದ್ದೆ, ಒಂದರ ಮೇಲೊಂದು.
"ಹೂಂ. ಅಡಿಯದರ ಎದೆಯ ಮೇಲೆ ಮಿಕ್ಕವರೆಲ್ಲ.
ತಟ್ಟೆ ಅಂಚಿನ ಮೇಲೆ ನಿಂತೇ ಹೋಗಬೇಕಮ್ಮ,
ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ,
ಭುಜಕ್ಕೆ ಭುಜ ಕೊಟ್ಟು."

ಆಮೇಲೆ ಗೋಡೆಗೆ ಗೀಟು ಹಾಕಿ ಲೆಕ್ಕ ಒಪ್ಪಿಸಿದ:
ಹಲಗೆಗೂ ತಟ್ಟೆಗೂ ನಡುವೆ ಎರಡು ಬೆರಳು ಸಂದು.
ಮೂರಾದರೆ ಒಳಗೆ ಕುಣಿತ,
ಒಂದಾದರೆ ಹಲಗೆ ತಿಂದ ಪೆಟ್ಟು ತಟ್ಟೆಗೂ.
ಸಂದಿಗೆ ಕಾಗದ ತುಂಬು, ಹುಲ್ಲು ಬೇಡ,
ಹುಲ್ಲಿನಲ್ಲಿ ಹುಳವೆಂದು ಆಚೆ ಬಂದರಿನಲ್ಲಿ ತಡೆಯುತ್ತಾರೆ.
"ಯಾರ ಬೆರಳು?" ಎಂದೆ.
ತನ್ನದನ್ನೇ ನೋಡಿಕೊಂಡ.
ಗರಗಸ ಒಂದರ ತುದಿ ಒಯ್ದಿತ್ತು.
"ನಿನ್ನದೇ" ಎಂದ.

ಪೈನ್ ಮರವನ್ನೂ ಕಾಯಿಸಿ ತರಿಸಬೇಕಂತೆ,
ಗೋಧಿ ತೆನೆಯ ಮುದ್ರೆ ಒತ್ತಿಸಿ.
ನಗು ಬಂತು. ಬೆಂದ ಮಣ್ಣನ್ನು ಹೊರಲು
ಬೆಂದ ಮರವೇ ಆಗಬೇಕೇನೋ.

ಲಾಭದ ಮೂರರಲ್ಲೊಂದು ಪಾಲು ಪೆಟ್ಟಿಗೆಗೇ.
"ಮೂಗಿಗಿಂತ ಮೂಗುತಿ ಭಾರ" ಎಂದರು ಅತ್ತೆ.
ಬರೆದಿಟ್ಟ ಪುಸ್ತಕ ತೆಗೆದು
ಮೂವತ್ತೇಳನ್ನು ಯಾರ ಖಾತೆಗೆ ಹಾಕಲಿ ಎಂದೆ.
ಚಹಾ ಸುರಿಯುತ್ತ ಸುಮ್ಮನಾದರು.

ಮೊದಲ ಪೆಟ್ಟಿಗೆಯನ್ನು ತುಂಬಿ
ಮೂರು ಮೆಟ್ಟಿಲು ಮೇಲಿನಿಂದ ನಾನೇ ತಳ್ಳಿದೆ.
ಅತ್ತೆ ಕಣ್ಣು ಮುಚ್ಚಿಕೊಂಡರು.
ಮುಚ್ಚಳ ಕಿತ್ತು ನೋಡಿದರೆ ಇಪ್ಪತ್ತನಾಲ್ಕೂ ಇಡಿ,
ಬಿರುಕು ಬಿಟ್ಟದ್ದು ನಮ್ಮ ನೆಲದ ಹೆಂಚು.
ಅದಿನ್ನೂ ಹಾಗೇ ಇದೆ, ಬದಲಿಸಿಲ್ಲ.

ಚಳಿಗಾಲ ಮುಗಿಯುವಾಗ ಗ್ದಾನ್ಸ್ಕಿನಿಂದ ಎರಡೇ ಸಾಲು.
ಎಲ್ಲ ತಟ್ಟೆಗಳೂ ಬಂದು ಸೇರಿವೆ.
ಗಿರಾಕಿಗಳು ಪೆಟ್ಟಿಗೆಯನ್ನೂ ಕೇಳುತ್ತಿದ್ದಾರೆ,
ಬರಿಯ ಪೆಟ್ಟಿಗೆ ಆರು ಸಿಗಬಹುದೇ?

ಓಡುತ್ತಾ ಹೋಗಿ ಓದಿ ಹೇಳಿದೆ.
ಬೂಷೈಬ್ ನಗಲಿಲ್ಲ. ಹತ್ತರಿ ಉಜ್ಜುತ್ತಲೇ ಇದ್ದ,
ಸುರುಳಿ ಸುರುಳಿಯಾಗಿ ಮರ ಕಾಲಿಗೆ ಬೀಳುತ್ತಿತ್ತು.
ಕಿವಿಯ ಮೇಲಿನ ಪೆನ್ಸಿಲು ತೆಗೆದು,
ಮುಚ್ಚಳದ ಒಳಮೈಗೆ,
ತೆರೆದವರಿಗೆ ಮಾತ್ರ ಕಾಣುವ ಕಡೆ,
ತನ್ನ ಹೆಸರು ಬರೆದ. ಊದಿದ.
ತುಸು ಹೊತ್ತಿನ ಮೇಲೆ ಕೇಳಿದ:
"ಒಳಗೆ ಏನೂ ಇಲ್ಲದ್ದಕ್ಕೆ
ಸಂದು ಎಷ್ಟು ಬಿಡಲಿ?"